ಅರ್ಜಿದಾರ

ಬ್ರಹ್ಮಪುರದ ಫೋಟೋ ಸ್ಟುಡಿಯೋ ಮುಚ್ಚಿದ ದಿನ
ಮಕಬೂಲ್ ಮಾಮಾ ಪರದೆ ಮಾರಿದರು, ಛತ್ರಿ ದೀಪ ಮಾರಿದರು,
ರಟ್ಟಿನ ಚಂದ್ರನ್ನ ತೂಕಕ್ಕ ಹಾಕಿದರು.
ಮೊಲ ಮಾತ್ರ ಯಾರೂ ಕೇಳಲಿಲ್ಲ.
'ಕಂಡಕ್ಟರ್, ನೀ ಒಯ್ಯಿ, ಒಬ್ಬನೇ ಇರ್ತಿ' ಅಂದರು.
ಒಯ್ದೆ.

ನಾಕು ವರ್ಷ ಅದು ಅಲ್ಲಿ
ಹುಟ್ಟುಹಬ್ಬದ ಕೂಸುಗಳ ತೊಡಿ ಮ್ಯಾಲ ಕುಂತಿತ್ತು.
ಕಿವಿ ಹಿಡದು ಎತ್ತೋರು, ತೊಡಿ ಬದಲಾಗೋದು,
ಫಕ್ ಅಂತ ಬೆಳಕು,
ಮತ್ತ ಕಿವಿ.
ಎಷ್ಟೋ ಮನಿ ಅಲ್ಬಮ್ಮಿನೊಳಗ ಅದರ ಮುಖ ಅದ,
ಒಂದು ಮನಿ ಬಾಗಲಾನೂ ಅದು ನೋಡಿಲ್ಲ.

ನನ್ನ ಖೋಲಿಗೆ ಬಂದದ್ದೇ ಮೂಲಿ ಹಿಡೀತು.
ಬೆನ್ನು ನನ್ನ ಕಡಿ, ಮುಖ ಗ್ವಾಡಿ ಕಡಿ.
ಮೊದಲನೇ ದಿನ ಹಂಗ. ಹತ್ತನೇ ದಿನಾನೂ ಹಂಗ.
ಮಾಲಕರ ಮೊಮ್ಮಗಳು ಜಗದೇವಿ ಬಾಗಲಾಗ ನಿಂತು ನೋಡಿ
'ತಹಶೀಲ್ದಾರ್ ಸಾಹೇಬ್ರು' ಅಂತ ಹೆಸರಿಟ್ಟಳು.
ಅಜ್ಜನ ಪಹಣಿ ತಿದ್ದುಪಡಿಗೆ
ಆಕಿನೂ ಹೋಗಿ ಕುಂತಿದ್ದಳಂತ ಆ ಕಚೇರಿಯೊಳಗ.
'ಬರೋಬ್ಬರಿ ಹಿಂಗ, ಕಾಕಾ. ತಲಿ ಎತ್ತೋದೇ ಇಲ್ಲ.'

ಅರ್ಜಿ ಹಾಕಿದೆ ನಾ.
ಕಣ್ಣಿ ಮಾರ್ಕೆಟ್ಟಿನ ಕೊತ್ತಂಬರಿ: ತಿರಸ್ಕೃತ.
ಗಜ್ಜರಿ: ಮೂಸಿ, ಮಗ್ಗಲಕ್ಕ ನೂಕಿ, ಬಾಕಿ.
ಕೈ ಚಾಚಿದರ ಗುರ್ ಅಂತು. ಮೊಲಾನೂ ಗುರುಗುಟ್ಟತದ ಅಂತ
ನಲವತ್ತೊಂದು ವರ್ಷಕ್ಕ ನನಗ ತಿಳೀತು.
ಎರಡನೇ ಸಲ ಹೆಬ್ಬೆರಳಿಗೆ ಹಲ್ಲು.
ಅದೇ ಬೆರಳಿಲೆ ಮರುದಿನ ಜೇವರ್ಗಿ ತನಕ
ಟಿಕೇಟ್ ಮಷೀನಿನ ಗುಂಡಿ ಒತ್ತಿದೆ,
ಒಂದೊಂದು ಸ್ಟೇಜಿಗೂ ಸಾಹೇಬ್ರ ನೆನಪು.

ನನ್ನ ದನಿನೂ ಹಂಗ ಅದ ಬಿಡ್ರಿ.
ಹದಿನೆಂಟು ವರ್ಷ 'ಮುಂದ ಸರೀರಿ, ಮುಂದ ಸರೀರಿ' ಅಂದ ಗಂಟಲು.
ಒಮ್ಮೆ ಸೀನಿದೆ, ಅಷ್ಟೇ.
ಶಹಾಬಾದಿ ಫರಸಿ ಮ್ಯಾಲ ಧಪ್ ಅಂತ ಹಿಂಗಾಲು ಬಡೀತು,
ಕೆಳಗಿಂದ ಮಾಲಕರು 'ಏನ್ ಬಿತ್ತು?' ಅಂತ ಕೂಗಿದರು.

ಏಪ್ರಿಲ್ ಕಡೀ ವಾರ. ಹನ್ನೆರಡಕ್ಕ ಕರೆಂಟು ಹೋಯ್ತು.
ಕೂಲರಿನ ಹೊಟ್ಟಿಯೊಳಗ ನೀರು ಸುಮ್ಮನಾತು.
ಸಾಹೇಬ್ರು ಮೂಲಿ ಬಿಟ್ಟು ಫರಸಿ ಮ್ಯಾಲ ಉದ್ದಕ್ಕ ಬಿದ್ದರು,
ಉಸರು ಬಿರುಸು, ಕಿವಿಯ ನರ ಕೆಂಪು.
ಬಾಟಲಿಯೊಳಗ ಬರ್ಫು, ಬಾಟಲಿಗೆ ನನ್ನ ಹಳೀ ಖಾಕಿ ಸುತ್ತಿ
ಅದರ ಮಗ್ಗಲಿಗಿಟ್ಟು ದೂರ ಸರದೆ.
ನೆಲಕ್ಕ ನೀರು ಚಿಮುಕಿಸಿ ನಾನೂ ಮಲಗಿದೆ,
ಅದಕ್ಕ ಬೆನ್ನು ಮಾಡಿ, ಗ್ವಾಡಿಗೆ ಮುಖ ಮಾಡಿ.
ಒಲಿಸಿಕೊಳ್ಳಲಿಕ್ಕಲ್ಲ. ಸೆಕಿ ತಡೀಲಾರದಕ್ಕ.
ಗ್ವಾಡಿ ಅಂಥಾ ಕೆಟ್ಟದೇನಿರಲಿಲ್ಲ.
ಒಂದು ಬಿರುಕು ಇತ್ತು, ಇರುವಿ ಸಾಲು ಇತ್ತು,
ಯಾರೂ ಏನೂ ಕೇಳತಿರಲಿಲ್ಲ.

ಯಾವಾಗೋ ಹಿಮ್ಮಡಿಗೆ ಮೀಸಿ ತಾಕಿತು.
ನಾ ಅಲ್ಲಾಡಲಿಲ್ಲ.

ಆಮ್ಯಾಲ ಒಂದಿನ ಸಂಜಿಮುಂದ
ನನ್ನ ಊಟಕ್ಕಂತ ಪುಂಡಿಪಲ್ಲೆ ಸೋಸಲತ್ತಿದ್ದೆ.
ಕಟ್ಟಿನೊಳಗಿಂದ ಒಂದು ದಂಟು ತಾನೇ ಸರೀತು.
ಹೊಳ್ಳಿ ನೋಡಿದರ, ಹುಳಿಗೆ ಕಣ್ಣು ಕಿರಿದು ಮಾಡಿ
ಗಂಭೀರವಾಗಿ ಅಗೀಲತ್ತದ.
ಹಾಕದ ಅರ್ಜಿಗೆ ಮಂಜೂರಾತಿ.

ಈಗ ನಸಕಿನಾಗ ಮೊದಲ ಪಾಳಿಗೆ ಹೊಂಟರ
ಬಾಗಲ ತನಕ ಬರತದ.
ಚಿಲ್ಲರೆ ಚೀಲಕ್ಕ ಗದ್ದ ತಿಕ್ಕತದ, ಚಪ್ಪಲಿಗೆ ತಿಕ್ಕತದ,
ನಿನ್ನೆ ನನ್ನ ಹಿಮ್ಮಡಿಗೂ ತಿಕ್ಕಿತು.
ತಂದು ಅನಿಸಿದ್ದಕ್ಕ ಮೊಲ ಹಂಗ ಗುರ್ತು ಹಾಕತಾವಂತ,
ದನದ ದವಾಖಾನಿ ಕಂಪೌಂಡರ್ ಹೇಳಿದ.
'ಮೊಹರು, ಕಾಕಾ, ಮೊಹರು!' ಅಂತ ಜಗದೇವಿ ಕುಣದಳು.
(ಅವರ ಅಜ್ಜನ ಪಹಣಿ ಇನ್ನೂ ಬಂದಿಲ್ಲ.)
ಓಡಿ ಹೋಗಿ ಮೊಬೈಲ್ ತಂದಳು,
'ಎತ್ಕೋರಿ, ಒಂದು ಫೋಟೋ ಹೊಡೀತೀನಿ.'
ಬ್ಯಾಡವ್ವ, ಅಂದೆ.

ಅದರ ಕಿವಿ ನಾ ಇನ್ನೂ ಮುಟ್ಟಿಲ್ಲ.
ಆ ಅರ್ಜಿ ಬರ್ದೇ ಇಲ್ಲ.